ಬ್ಯಾಂಕಾಕ್ ಬ್ಯಾಗಿನ ಬಗ್ಗೆ ಕೇಳಿದ ತಮ್ಮನಿಗೆ

ತಮ್ಮ,

ನಿನ್ನ ಮೆಸೇಜ್ ಎರಡು ಸಲ ಓದಿದೆ. ಹಟ್ಟಿಹೊಳೆ ಅಂತ ನೋಡಿದ ಕೂಡಲೇ ಮನಸ್ಸು ಕೊಡಗಿಗೆ ಓಡಿತು. ನಮ್ಮದು ಮಾದಾಪುರ, ನಿಮ್ಮ ಪಕ್ಕದವರೇ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ನಿಮ್ಮ ತೋಟ ಅರ್ಧ ಹೋಯಿತು, ಅಪ್ಪನ ಸಾಲ ಇನ್ನೂ ತೀರಿಲ್ಲ ಅಂತ ಬರೆದಿದ್ದೀಯ. ಆ ವಾರ ನಾನು ಇಲ್ಲಿ ದುಬೈಯಲ್ಲಿ ಫೋನ್ ಹಿಡಿದುಕೊಂಡೇ ಕೂತಿದ್ದೆ. ಮನೆಗೆ ಲೈನ್ ಸಿಗುತ್ತಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ನಿನಗೆ ದುಡ್ಡು ಯಾಕೆ ಬೇಕು ಅಂತ ನನಗೆ ಗೊತ್ತು.

ಇಲ್ಲಿಯ ಹೋಟೆಲ್ ಕೆಲಸಕ್ಕೆ ಬರುವ ಮೊದಲು ನೀನು ಕೇಳಿದ್ದು ಐದು ವಿಷಯ. ಸಂಬಳ ಸಾಕಾಗುತ್ತದಾ, ರೂಮು ಹೇಗೆ, ನಮ್ಮವರು ಇದ್ದಾರಾ, ನಿಮಗೆ ಊರಿಂದ ಏನು ತರಲಿ. ಕೊನೆಗೆ ಒಂದೇ ಸಾಲಿನಲ್ಲಿ ಇನ್ನೊಂದು: ಕುಶಾಲನಗರದ ಪರಿಚಯದ ಅಣ್ಣ ಒಬ್ಬರು, ದುಬೈಗೆ ಹೋಗುವ ಮೊದಲು ನಾಲ್ಕು ದಿನ ಬ್ಯಾಂಕಾಕ್ ಸುತ್ತಿಕೊಂಡು ಬಾ, ಟಿಕೆಟ್ ರೂಮು ಎಲ್ಲ ನಮ್ಮದು, ಬರುವಾಗ ಒಂದು ಬ್ಯಾಗ್ ತಂದರೆ 60 ಸಾವಿರ ಕೊಡುತ್ತೇವೆ, ಬರೀ ಚಾಕ್ಲೆಟ್ ತಿಂಡಿ ಇರುತ್ತದೆ ಅಂದರಂತೆ. ಹೋಗಬಹುದಾ ಅಂತ.

ಮೊದಲ ಮೂರು ಬೇಗ ಮುಗಿಸುತ್ತೇನೆ. ಹೋಟೆಲ್ ಕಿಚನ್ ಕೆಲಸದಲ್ಲಿ ಊಟ ರೂಮು ಕಂಪನಿಯದ್ದಾದರೆ ಮನೆಗೆ ದುಡ್ಡು ಕಳಿಸಬಹುದು, ಇಲ್ಲದಿದ್ದರೆ ಕಷ್ಟ. ಆಫರ್ ಲೆಟರ್‌ನಲ್ಲಿ ಅದು ಬರೆದಿದೆಯಾ ನೋಡು. ವಿಸಿಟ್ ವೀಸಾದಲ್ಲಿ ಬಂದು ಕೆಲಸಕ್ಕೆ ನಿಲ್ಲಬೇಡ. ನೋಂದಣಿ ಇರುವ ಏಜೆಂಟ್ ತೆಗೆದುಕೊಳ್ಳಬಹುದಾದ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕಿಂತ ಜಾಸ್ತಿ ಕೇಳಿದರೆ ಕೊಡಬೇಡ. ರೂಮು ಅಂದರೆ ಬೆಡ್ ಸ್ಪೇಸ್, ರೈಲಿನ ಬರ್ತ್ ತರ ಮೇಲೊಂದು ಕೆಳಗೊಂದು. ನಮ್ಮವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಸೇರುತ್ತೇವೆ.

ಇನ್ನು ಬ್ಯಾಂಕಾಕ್. ಹೋಗಬೇಡ. ಯೋಚನೆ ಮಾಡಿ ಹೇಳುತ್ತೇನೆ ಅಂತಲೂ ಅನ್ನಬೇಡ. ಅದು ಚಾಕ್ಲೆಟ್ ಅಲ್ಲ.

ಅದು ಹೈಡ್ರೋ ಗಾಂಜಾ. ಮಣ್ಣಿಲ್ಲದೆ, ಲೈಟ್ ಹಾಕಿ ಕೋಣೆಯೊಳಗೆ ಬೆಳೆಸುತ್ತಾರೆ. ಥಾಯ್ಲೆಂಡ್‌ನಲ್ಲಿ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದರು. ಆಮೇಲೆ 2025ರಲ್ಲಿ ಮತ್ತೆ ಬಿಗಿ ಮಾಡಿ, ಡಾಕ್ಟರ್ ಚೀಟಿ ಬೇಕು ಅಂದರು. ಆದರೆ ಈ ಜನ ಹುಡುಗರಿಗೆ ಹೇಳುವುದು ಒಂದೇ ಮಾತು: ಅಲ್ಲಿ ಅಂಗಡಿಯಲ್ಲೇ ಮಾರುತ್ತಾರೆ, ಏನೂ ಆಗಲ್ಲ. ಅಲ್ಲಿ ಮಾರಿದರೆ ಇಲ್ಲಿಗೆ ತರಬಹುದು ಅಂತ ಆಗುತ್ತದಾ? ಬೆಂಗಳೂರು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದವರ ಬ್ಯಾಗಿನಲ್ಲಿ, ತಿಂಡಿ ಪೊಟ್ಟಣದೊಳಗೆ, ಇದನ್ನು ಮತ್ತೆ ಮತ್ತೆ ಹಿಡಿಯುತ್ತಿದ್ದಾರೆ. ಅದೂ ಬೇಡ, 2024ರಲ್ಲಿ ನಮ್ಮ ಮಡಿಕೇರಿಯಲ್ಲೇ ಪೊಲೀಸರು ಹಿಡಿದರಲ್ವಾ? ಥಾಯ್ಲೆಂಡ್‌ನಿಂದ ಬಂದ ಮಾಲು, ದುಬೈಗೆ ಹೊರಟಿತ್ತು. ನಮ್ಮ ಕಾಫಿ ತೋಟದ ದಾರಿಯಲ್ಲೇ ಇದು ಹಾದುಹೋಗುತ್ತಿದೆ ತಮ್ಮ. ದೂರದ ಸಿನಿಮಾ ಕಥೆಯಲ್ಲ.

ಸಿಕ್ಕಿದರೆ ಏನಾಗುತ್ತದೆ ಅಂತ ಹೇಳಿಬಿಡುತ್ತೇನೆ. ಮಾದಕ ವಸ್ತುಗಳಿಗೆ ಇರುವ ನಮ್ಮ ದೇಶದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ 1 ಕೆಜಿ ದಾಟಿದರೆ 10 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷದವರೆಗೆ ದಂಡ. 20 ಕೆಜಿ ದಾಟಿದರೆ 10ರಿಂದ 20 ವರ್ಷ. ನನಗೆ ಗೊತ್ತಿರಲಿಲ್ಲ ಅಂದರೆ, ಗೊತ್ತಿರಲಿಲ್ಲ ಅಂತ ನೀನೇ ಸಾಬೀತು ಮಾಡಬೇಕು. ಇದು ಊರಲ್ಲಿ ಸಿಕ್ಕಿದರೆ. ವಿಮಾನ ಸಿಂಗಾಪುರದಲ್ಲಿ ಇಳಿದು ಅಲ್ಲಿ ಸಿಕ್ಕಿದರೆ, ಗಾಂಜಾ 500 ಗ್ರಾಂ ದಾಟಿದರೆ ಸಾಗಿಸಿದವನಿಗೆ ಗಲ್ಲು. ಹೆರಾಯಿನ್ ಆದರೆ 15 ಗ್ರಾಂ ದಾಟಿದರೆ ಸಾಕು. 2023ರ ಏಪ್ರಿಲ್‌ನಲ್ಲಿ ಒಂದು ಕೆಜಿ ಗಾಂಜಾದ ಕೇಸಿನಲ್ಲಿ ಒಬ್ಬ ತಮಿಳು ಮೂಲದವನನ್ನು ಅಲ್ಲಿ ಗಲ್ಲಿಗೇರಿಸಿದರು. ಸೌದಿಯಲ್ಲೂ 2022ರ ನವೆಂಬರ್‌ನಿಂದ ಡ್ರಗ್ಸ್ ಕೇಸಿಗೆ ಮರಣದಂಡನೆ ಮತ್ತೆ ಶುರುವಾಗಿದೆ. ಹೊರದೇಶದ ಜೈಲುಗಳಲ್ಲಿ ನಮ್ಮ ದೇಶದವರು 10 ಸಾವಿರಕ್ಕೂ ಜಾಸ್ತಿ ಇದ್ದಾರೆ ಅಂತ ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ. ಎಲ್ಲರೂ ಡ್ರಗ್ಸ್ ಕೇಸಿನವರಲ್ಲ. ಆದರೆ ಬ್ಯಾಗಿನಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಹೋದವರೂ ಅದರಲ್ಲಿ ಇದ್ದಾರೆ.

"ಪರಿಚಯದ ಅಣ್ಣ" ಅಂತ ಬರೆದಿದ್ದೀಯಲ್ಲ, ನನಗೆ ಭಯ ಆಗಿದ್ದು ಅಲ್ಲೇ. ಗುರುತಿಲ್ಲದವನು ಬಂದು ಬ್ಯಾಗ್ ಹಿಡಿ ಅಂದರೆ ನೀನು ಹಿಡಿಯುವುದಿಲ್ಲ. ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತು ಉಂಡವನು ಕೊಟ್ಟರೆ ಹಿಡಿಯುತ್ತೀಯ. 2019ರಲ್ಲಿ ಮುಂಬೈಯ ಗಂಡ ಹೆಂಡತಿ ಕತಾರ್‌ಗೆ ಹೋದರು. ಹನಿಮೂನ್ ಅಂತ ಟಿಕೆಟ್ ಮಾಡಿಕೊಟ್ಟವರು ಗಂಡನ ಸ್ವಂತ ಸೋದರತ್ತೆ. ಒಂದು ಪೊಟ್ಟಣ ಕೊಟ್ಟು ಜರ್ದಾ ಅಂದರಂತೆ. ದೋಹಾದಲ್ಲಿ ಬ್ಯಾಗ್ ತೆರೆದರೆ 4 ಕೆಜಿ ಚರಸ್. 10 ವರ್ಷ ಶಿಕ್ಷೆ ಆಯಿತು. ಹುಡುಗಿ ಬಸುರಿ, ಜೈಲಿನಲ್ಲಿರುವಾಗಲೇ ಮಗು ಹುಟ್ಟಿತು. ಊರಲ್ಲಿ ಮನೆಯವರು ಓಡಾಡಿ, ನಮ್ಮ ದೇಶದ ಡ್ರಗ್ಸ್ ತನಿಖೆಯ ಇಲಾಖೆ ಎನ್‌ಸಿಬಿ ತನಿಖೆ ಮಾಡಿ, ಮೋಸ ಹೋದವರು ಅಂತ ತೋರಿಸಿದ ಮೇಲೆ 2021ರಲ್ಲಿ ಬಿಡುಗಡೆ ಆದರು. ಅಷ್ಟು ಓಡಾಡುವ ಮನೆಯವರು ಎಷ್ಟು ಜನರಿಗೆ ಇರುತ್ತಾರೆ?

ಈಗ ನನ್ನದು. ಇದನ್ನು ನಾನು ಜಾಸ್ತಿ ಜನಕ್ಕೆ ಹೇಳಿಲ್ಲ.

ನಾನು ಬಂದಿದ್ದು 2005ರಲ್ಲಿ. ಆಗ ಕಣ್ಣೂರಿನಲ್ಲಿ ವಿಮಾನ ನಿಲ್ದಾಣ ಇರಲಿಲ್ಲ. ಮಾಕುಟ್ಟ ಘಾಟಿ ಇಳಿದು ಕೋಜಿಕ್ಕೋಡ್‌ವರೆಗೆ ಜೀಪಿನಲ್ಲಿ ಬಂದು ವಿಮಾನ ಹತ್ತಿದೆ. ನನ್ನ ಬ್ಯಾಗಿನಲ್ಲೂ ಮೂರು ಜನರ ಪೊಟ್ಟಣ ಇತ್ತು. ಯಾವುದನ್ನೂ ಬಿಚ್ಚಿ ನೋಡಿರಲಿಲ್ಲ. ದೊಡ್ಡವರು ಕೊಟ್ಟದ್ದನ್ನು ಬಿಚ್ಚಿ ನೋಡುವುದು ನಮ್ಮಲ್ಲಿ ಇಲ್ಲ ತಾನೇ? ನನಗೆ ಏನೂ ಆಗಲಿಲ್ಲ. ಅದಕ್ಕೇ ಬುದ್ಧಿ ಬರಲಿಲ್ಲ.

2009ರಲ್ಲಿ ಹೆಂಡತಿ ಬಂದಳು. ಆ ವರ್ಷದ ಹುತ್ತರಿಗೆ ಅವಳಿಗೆ ಗಸಗಸೆ ಪಾಯಸ ಮಾಡುವ ಆಸೆ. ಇಲ್ಲಿ ಅಂಗಡಿಯಲ್ಲಿ ಎಲ್ಲೂ ಗಸಗಸೆ ಸಿಗಲಿಲ್ಲ. ಯಾಕೆ ಸಿಗುವುದಿಲ್ಲ ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. ಗಸಗಸೆ ಅಫೀಮು ಗಿಡದ ಬೀಜ, ಈ ದೇಶದಲ್ಲಿ ಅದಕ್ಕೆ ನಿಷೇಧ ಇದೆ ಅಂತ ನನ್ನ ತಲೆಗೇ ಬರಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. ನಮ್ಮ ಪಕ್ಕದ ಮನೆಯ ಹುಡುಗ, 22 ವರ್ಷ, ಮೊದಲ ಕೆಲಸಕ್ಕೆ ಬರುತ್ತಿದ್ದ. ಅವನ ಕೈಯಲ್ಲಿ ಅಮ್ಮ ಅರ್ಧ ಕೆಜಿ ಗಸಗಸೆ ಕಳಿಸಿದರು. ಪೇಪರ್ ಸುತ್ತಿ, ಬಾಳೆ ನಾರಿನಲ್ಲಿ ಕಟ್ಟಿ, ಮೇಲೆ ತಂಗಿ ಬಾಲ್ ಪೆನ್ನಿನಲ್ಲಿ ನನ್ನ ಹೆಸರು ಬರೆದಿದ್ದಳು.

ಅವನನ್ನು ಕರೆದುಕೊಂಡು ಬರಲು ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಹಸಿದಿರುತ್ತಾನೆ ಅಂತ ಎರಡು ಶವರ್ಮಾ ತಂದಿದ್ದೆ. ರಾತ್ರಿ 9 ಗಂಟೆಗೆ ವಿಮಾನ ಇಳಿಯಿತು. ಅದರಲ್ಲಿ ಬಂದವರೆಲ್ಲ ಹೊರಗೆ ಬಂದರು. ಹನ್ನೊಂದಾಯಿತು, ಹನ್ನೆರಡಾಯಿತು. ಶವರ್ಮಾ ತಣ್ಣಗಾಗಿ ಪೇಪರಿಗೆ ಎಣ್ಣೆ ಇಳಿದಿತ್ತು. ಒಂದು ಗಂಟೆಗೆ ನನ್ನ ಮೊಬೈಲಿಗೆ ಫೋನ್ ಬಂತು. ಹಿಂದಿಯಲ್ಲಿ ಒಬ್ಬರು ಕೇಳಿದರು, ಈ ಹುಡುಗ ನಿಮ್ಮ ನಂಬರ್ ಕೊಟ್ಟಿದ್ದಾನೆ, ನಿಮಗೆ ಪರಿಚಯನಾ? ಹೌದು ಅಂದೆ. ಅವನ ಹತ್ತಿರ ಒಂದು ಪೊಟ್ಟಣ ಇದೆ, ನಿಮ್ಮದು ಅನ್ನುತ್ತಿದ್ದಾನೆ, ನಿಮ್ಮದಾ?

ನನಗೆ ಗೊತ್ತಿಲ್ಲ ಅಂದೆ.

ಯಾಕೆ ಹಾಗೆ ಹೇಳಿದೆ ಅಂತ ಇಷ್ಟು ವರ್ಷ ಯೋಚಿಸಿದ್ದೇನೆ. ಹೆಂಡತಿ ಹೊಸದಾಗಿ ಬಂದಿದ್ದಳು, ವೀಸಾ ಹೋದರೆ ಏನು ಗತಿ ಅನ್ನಿಸಿತು. ಆ ಕ್ಷಣಕ್ಕೆ ಅಷ್ಟೇ. ಪೊಟ್ಟಣದ ಮೇಲೆ ನನ್ನ ಹೆಸರು ಇತ್ತು. ಆದರೆ ಅದು ಕನ್ನಡದಲ್ಲಿತ್ತು. ಅಲ್ಲಿ ಅದನ್ನು ಓದಬಲ್ಲವನು ಆ ಹುಡುಗ ಒಬ್ಬನೇ. ಅವನು ಓದಿ ಹೇಳಿದ್ದನ್ನು ಯಾರೂ ನಂಬಲಿಲ್ಲ.

71 ದಿನ ಒಳಗಿದ್ದ. ಪೊಟ್ಟಣ ಲ್ಯಾಬಿಗೆ ಹೋಯಿತು, ಕೋರ್ಟಿನ ದಿನ ಮುಂದೆ ಮುಂದೆ ಹೋಯಿತು. ಆಗಿನ ಕಾನೂನಿನಲ್ಲಿ ಕಡಿಮೆ ಅಂದರೂ 4 ವರ್ಷ ಆಗಬಹುದು ಅಂತ ವಕೀಲರು ಹೇಳಿದಾಗ ನನಗೆ ಕೈಕಾಲು ತಣ್ಣಗಾಯಿತು. ವಕೀಲರ ಫೀಸ್ ನಾನೇ ಕೊಟ್ಟೆ, ಬೇರೆಯವರ ಹೆಸರಿನಲ್ಲಿ. ಕೊನೆಗೆ ಅಡುಗೆಗೆ ತಂದದ್ದು ಅಂತ ಒಪ್ಪಿ ಬಿಟ್ಟರು. ಅಷ್ಟರಲ್ಲಿ ಅವನ ಕೆಲಸ ಹೋಗಿತ್ತು. ಊರಿಗೆ ಕಳಿಸಿದರು. ಅವನು ದುಬೈ ನೋಡಿದ್ದು ಆ ಗೋಡೆ ಮಾತ್ರ.

ಈಗ ಅವನು ಸೋಮವಾರಪೇಟೆಯಲ್ಲಿ ಪಿಕಪ್ ಓಡಿಸುತ್ತಾನೆ. ಒಂದು ಸಲ ರಜೆಯಲ್ಲಿ ಬಂದಾಗ ಅವನ ಗಾಡಿಯಲ್ಲಿ ಕೂತು ಎಲ್ಲ ಹೇಳಿದೆ, ಫೋನಿನಲ್ಲಿ ನಾನು ಏನಂದೆ ಅನ್ನುವುದನ್ನೂ. "ಗೊತ್ತು ಅಣ್ಣ, ಫೋನ್ ಸ್ಪೀಕರ್‌ನಲ್ಲಿತ್ತು" ಅಂದ. ಆಮೇಲೆ ಗಾಡಿ ಸ್ಟಾರ್ಟ್ ಮಾಡಿದ. ಅವನ ಅಮ್ಮ ಈಗಲೂ ನನ್ನನ್ನು ಕೂರಿಸಿ ಕಾಫಿ ಕೊಡುತ್ತಾರೆ. ಅವರಿಗೆ ಗೊತ್ತಾ ಇಲ್ವಾ ಅಂತ ಕೇಳುವ ಧೈರ್ಯ ನನಗೆ ಬಂದಿಲ್ಲ.

ನನ್ನ ಅಮ್ಮ ಕೊಟ್ಟದ್ದು ಪಾಯಸಕ್ಕೆ. ನಾನು ಆ ಹುಡುಗನಿಗೆ ಕೆಟ್ಟದ್ದು ಬಯಸಿದವನಲ್ಲ. ಆದರೂ ಫೋನ್ ಬಂದಾಗ ಗೊತ್ತಿಲ್ಲ ಅಂದೆ. ಹಾಗಿರುವಾಗ, ದುಡ್ಡಿಗಾಗಿಯೇ ನಿನ್ನನ್ನು ಕಳಿಸುವ ಆ ಕುಶಾಲನಗರದವನು ನಿನಗಾಗಿ ಫೋನ್ ಎತ್ತುತ್ತಾನೆ ಅಂದುಕೊಂಡಿದ್ದೀಯಾ?

ಹೇಗೆ ಬೇಡ ಅನ್ನುವುದು ಅನ್ನುವ ಸಂಕೋಚ ನಿನಗಿದೆ, ಗೊತ್ತು. ನಮ್ಮ ಕಡೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ದುಬೈಯಲ್ಲಿ ಇರುವ ಅಣ್ಣ ಬೇಡ ಅಂದಿದ್ದಾರೆ ಅನ್ನು. ನನ್ನ ಮೇಲೆ ಹಾಕು, ಬೈದರೆ ನನ್ನನ್ನು ಬೈಯಲಿ. ಪಾಸ್‌ಪೋರ್ಟ್ ಅವನ ಕೈಗೆ ಕೊಟ್ಟಿದ್ದರೆ ಇವತ್ತೇ ವಾಪಸ್ ತೆಗೆದುಕೋ. ಟಿಕೆಟ್ ಮಾಡಿಸಿ ಆಯಿತು, ದುಡ್ಡು ಕಟ್ಟು ಅಂತ ಹೆದರಿಸಿದರೆ ಅಪ್ಪನಿಗೆ ಹೇಳು, ಪೊಲೀಸ್ ಸ್ಟೇಷನ್‌ಗೆ ಹೋಗು.

ಇಲ್ಲಿಗೆ ಬರುವಾಗ ನಿನ್ನ ಬ್ಯಾಗ್ ನೀನೇ ತುಂಬು, ನೀನೇ ಬೀಗ ಹಾಕು. ಮದ್ದು ಸೊಪ್ಪು ಒಣಗಿಸಿದ್ದು, ಅಜ್ಜಿ ಮಾಡಿದ ಪುಡಿ, ಹೆಸರಿಲ್ಲದ ಯಾವ ಪೊಟ್ಟಣವೂ ಬೇಡ. ನಿನಗೆ ಅದು ಔಷಧಿ, ಅವರಿಗೆ ಅದು ಲ್ಯಾಬಿಗೆ ಕಳಿಸಬೇಕಾದ ಪುಡಿ. ಕೆಲವು ನೋವಿನ ಮಾತ್ರೆ, ಕೆಮ್ಮಿನ ಸಿರಪ್, ನಿದ್ದೆ ಮಾತ್ರೆಗೆ ಇಲ್ಲಿಯ ಆರೋಗ್ಯ ಇಲಾಖೆಯ ಅನುಮತಿ ಮೊದಲೇ ಬೇಕು. ಡಾಕ್ಟರ್ ಚೀಟಿ ಜೊತೆಗಿರಲಿ. ಟ್ರಮಡಾಲ್, ಕೊಡೀನ್ ಇರುವುದನ್ನು ಸುಮ್ನೆ ಹಾಕಿಕೊಂಡು ಬರಬೇಡ. ಏರ್‌ಪೋರ್ಟಿನಲ್ಲಿ ಯಾರಾದರೂ ತೂಕ ಜಾಸ್ತಿ ಆಯಿತು, ಸ್ವಲ್ಪ ಹಿಡಿ ಅಂದರೆ, ಅಜ್ಜಿಯಾದರೂ ಸರಿ, ಬೇಡ.

ಏನಾದರೂ ಆಗಿ ಹಿಡಿದರೆ, ಭಾರತದ ದೂತಾವಾಸಕ್ಕೆ ತಿಳಿಸಿ ಅಂತ ಕೇಳು. ಅದು ನಿನ್ನ ಹಕ್ಕು, 1963ರ ವಿಯೆನ್ನಾ ಒಪ್ಪಂದದಲ್ಲೇ ಇದೆ. ಅವರು ನಿನ್ನನ್ನು ಬಿಡಿಸಿಕೊಂಡು ಬರಲು ಆಗುವುದಿಲ್ಲ. ಬಂದು ನೋಡುತ್ತಾರೆ, ವಕೀಲರ ಪಟ್ಟಿ ಕೊಡುತ್ತಾರೆ, ಮನೆಗೆ ತಿಳಿಸುತ್ತಾರೆ. ಮನೆಯವರು ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಓದಲು ಬಾರದ ಅರಬ್ಬಿ ಕಾಗದಕ್ಕೆ ಸಹಿ ಹಾಕಬೇಡ, ಭಾಷಾಂತರ ಮಾಡುವವರನ್ನು ಕೇಳು.

60 ಸಾವಿರ ಸಣ್ಣ ದುಡ್ಡಲ್ಲ, ಸಾಲ ಇರುವ ಮನೆಗೆ. ಇಲ್ಲಿ ಕೆಲಸಕ್ಕೆ ನಿಂತರೆ ಅದನ್ನು ಉಳಿಸಲು ತಿಂಗಳುಗಳು ಬೇಕು. ಉಳಿಯುತ್ತದೆ. ಮೊದಲ ತಿಂಗಳು ಕೈ ಬಿಗಿಯಾದರೆ ನನ್ನ ಹತ್ತಿರ ಕೇಳು, ನಾಚಿಕೊಳ್ಳಬೇಡ. ಅವನಿಗೆ ಉತ್ತರ ಕೊಡುವ ಮೊದಲು ನನಗೆ ಫೋನ್ ಮಾಡು, ರಾತ್ರಿ ಎಷ್ಟೊತ್ತಾದರೂ ಎತ್ತುತ್ತೇನೆ. ನಿನ್ನ ವಿಮಾನ ಇಳಿಯುವ ದಿನ ಹೊರಗೆ ನಿಂತಿರುತ್ತೇನೆ.

ಊರಿಂದ ಏನು ತರಲಿ ಅಂತ ನೀನು ಕೇಳಿದ್ದೀಯ. ನನಗೆ ಏನೂ ತರಬೇಡ.