ರಾಯ್ ಜೋನ್ಸ್, ಮೇವೆದರ್, ಟೈಸನ್: ಹೊಸದಾಗಿ ಬಾಕ್ಸಿಂಗ್‌ಗೆ ಸೇರಿದವನು ಯಾರ ಶೈಲಿ ಕಲಿಯಬೇಕು?

ಯಾರದ್ದೂ ಬೇಡ. ನಿಮ್ಮ ಪ್ರಶ್ನೆ ಓದಿ ನಗು ಬಂತು, ಮೂಗು ಕೂಡ ಸ್ವಲ್ಪ ನೋಯಿತು. ಕಾಲೇಜಿನಲ್ಲಿದ್ದಾಗ ನಾನೂ ಸಿಕ್ಕವರ ಹತ್ತಿರವೆಲ್ಲ ಇದನ್ನೇ ಕೇಳುತ್ತಿದ್ದೆ. ಕೇಳುವುದು ಹೆಸರಿಗೆ ಮಾತ್ರ, ಉತ್ತರ ಮೊದಲೇ ತೀರ್ಮಾನವಾಗಿತ್ತು: ರಾಯ್ ಜೋನ್ಸ್ ಜೂನಿಯರ್.

ಆ ಮನುಷ್ಯನ ಆಟ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಫ್ಲಾರಿಡಾದ ಪೆನ್ಸಕೋಲಾದವನು, ಅಂಕದ ಕೋಳಿ ಸಾಕುತ್ತಿದ್ದ, ರಿಂಗ್‌ನಲ್ಲೂ ಹುಂಜದ ಗತ್ತು. (ನಾನು ಕರಾವಳಿಯವನು, ಇದೊಂದೇ ಸಾಕಿತ್ತು ನನಗೆ.) 1994ರಲ್ಲಿ ಅಲ್ಲಿಯವರೆಗೆ ಸೋಲನ್ನೇ ಕಾಣದ ಜೇಮ್ಸ್ ಟೋನಿ ಎದುರು, ಮೂರನೇ ಸುತ್ತಿನಲ್ಲಿ, ಎರಡೂ ಕೈ ಕೆಳಗೆ ಬಿಟ್ಟು ಕತ್ತು ಮುಂದೆ ಚಾಚಿ ‘ಹೊಡಿ ನೋಡೋಣ’ ಅನ್ನೋ ಹಾಗೆ ನಿಂತ. ಮರುಕ್ಷಣ ಎಡಗೈ ಹುಕ್, ಅಂದರೆ ಮೊಣಕೈ ಮಡಚಿ ಪಕ್ಕದಿಂದ ಬೀಸುವ ಏಟು, ಬಿತ್ತು. ಟೋನಿ ಹಗ್ಗದ ಕಡೆ ತೂರಿಹೋದ, ರೆಫರಿ ಎಣಿಸತೊಡಗಿದ. ಆ ಹತ್ತು ಸೆಕೆಂಡಿನ ವಿಡಿಯೋ ನನ್ನ ತಲೆ ಕೆಡಿಸಿತು.

ನಮ್ಮ ಕೋಚ್ ಸರ್‌ಗೆ ಒಂದೇ ಪಾಠ. ಕೈ ಮೇಲೆ, ಗದ್ದ ಕೆಳಗೆ, ಜ್ಯಾಬ್ (ಮುಂದಿನ ಕೈಯಿಂದ ನೇರವಾಗಿ ಕೊಡುವ ಚುಟುಕು ಏಟು) ಹೊಡೆದ ಕೈ ಬಂದ ದಾರಿಯಲ್ಲೇ ಕೆನ್ನೆಗೆ ವಾಪಸ್. ನನಗೆ ಅದು ಬೋರು. ಅವರು ಆ ಕಡೆ ತಿರುಗಿದರೆ ಸಾಕು, ನನ್ನ ಎಡಗೈ ಸೊಂಟಕ್ಕೆ ಇಳಿಯುತ್ತಿತ್ತು. ಸ್ಪಾರಿಂಗ್‌ನಲ್ಲಿ, ಅಂದರೆ ಅಭ್ಯಾಸದ ಕಾದಾಟದಲ್ಲಿ, ಜ್ಯಾಬ್ ಬಂದರೆ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ, ಅದು ಗಾಳಿಗೆ ಹೋಗುತ್ತಿತ್ತು, ಸುತ್ತ ನಿಂತ ಹುಡುಗರು ‘ಓಹೋ’ ಅನ್ನುತ್ತಿದ್ದರು. ಹಾಳಾಗಲು ಅಷ್ಟು ಸಾಕಲ್ವಾ?

ಅಂತರಕಾಲೇಜು ಪಂದ್ಯದಲ್ಲಿ ನನ್ನೆದುರು ಬಂದವನು ಅಂಥ ಚುರುಕೇನಲ್ಲ. ಆದರೆ ಮೊದಲ ಸುತ್ತು ಪೂರ್ತಿ ನನ್ನನ್ನು ನೋಡಿಕೊಂಡ. ಎರಡನೇ ಸುತ್ತಿನಲ್ಲಿ ಅರೆಮನಸ್ಸಿನ ಒಂದು ಜ್ಯಾಬ್ ಬಿಟ್ಟ. ನಾನು ಅಭ್ಯಾಸದಂತೆ ಹಿಂದಕ್ಕೆ ವಾಲಿದೆ. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ತಾಳ್ಮೆಯಿಂದ ಓದಿ. ವಾಲಿದ್ದು ತಲೆ ಮತ್ತು ಎದೆ ಮಾತ್ರ, ಪಾದ ಇದ್ದಲ್ಲೇ ಇತ್ತು. ಭಾರವೆಲ್ಲ ಹಿಂಗಾಲಿನ ಹಿಮ್ಮಡಿಗೆ ಬಿತ್ತು. ಬಸ್ಸು ತಟ್ಟನೆ ಹೊರಟಾಗ ಕಂಬಿ ಹಿಡಿಯದೆ ನಿಂತವನ ಸ್ಥಿತಿ ನೆನೆಸಿಕೊಳ್ಳಿ. ಆ ಹೊತ್ತಿನಲ್ಲಿ ಇನ್ನೂ ಹಿಂದೆ ಹೋಗಲು ಜಾಗವಿಲ್ಲ, ಪಕ್ಕಕ್ಕೆ ಸರಿಯಲು ಕಾಲು ಏಳುವುದಿಲ್ಲ, ತಿರುಗಿ ಹೊಡೆಯಲು ಬಲವಿಲ್ಲ, ಮುಖಕ್ಕೆ ಅಡ್ಡ ತರೋಣ ಅಂದರೆ ಕೈ ಸೊಂಟದ ಹತ್ತಿರ ಇದೆ. ಹಿಂದಕ್ಕೆ ವಾಲಿದರೆ ತಪ್ಪುವುದು ಒಂದೇ ಏಟು. ಅವನು ಒಂದು ಹೆಜ್ಜೆ ಮುಂದಿಟ್ಟು ಬಲಗೈ ನೇರವಾಗಿ ಹಾಕಿದ. ಮೂಗಿನ ಮೂಳೆ ಮುರಿಯಿತು. ರೆಫರಿ ಎಂಟರವರೆಗೆ ಎಣಿಸಿ ನನ್ನ ಮುಖ ನೋಡಿ ಪಂದ್ಯ ನಿಲ್ಲಿಸಿದರು. ಯೂನಿವರ್ಸಿಟಿ ತಂಡದ ಆಸೆ ಅಲ್ಲಿಗೆ ಮುಗಿಯಿತು, ಗ್ಲೌಸ್ ಅಮ್ಮನ ಬೀರು ಸೇರಿತು.

ನಾನು ರಾಯ್‌ನ ಕೈ ನೋಡಿದ್ದೆ, ಕಾಲು ನೋಡಿರಲಿಲ್ಲ. ಎದುರಾಳಿ ಮುಟ್ಟಬೇಕಾದರೆ ಇನ್ನೊಂದು ಹೆಜ್ಜೆ ಬರಲೇಬೇಕು ಅನ್ನುವಷ್ಟು ದೂರವನ್ನು ಅವನ ಕಾಲು ಕಾಯುತ್ತಿತ್ತು. ಅದಕ್ಕೇ ಕೈ ಕೆಳಗಿದ್ದರೂ ನಡೆಯಿತು. ಜೊತೆಗೆ ಆ ವೇಗ, ಅದು ಹುಟ್ಟಿನಿಂದ ಬಂದದ್ದು. ವೇಗ ಇಳಿದ ಮೇಲೆ ಅವನಿಗೂ ಅದೇ ಗತಿ. 2003ರಲ್ಲಿ ಜಾನ್ ರೂಯಿಸ್‌ನನ್ನು ಸೋಲಿಸಿ ಹೆವಿವೇಟ್ ಪಟ್ಟ ಗೆದ್ದವನು ಮರುವರ್ಷ, 35ನೇ ವಯಸ್ಸಿನಲ್ಲಿ, ಆಂಟೋನಿಯೋ ಟಾರ್ವರ್‌ನ ಒಂದೇ ಎಡಗೈ ಏಟಿಗೆ ಎರಡನೇ ಸುತ್ತಿನಲ್ಲೇ ಮಲಗಿದ.

ಮೇವೆದರ್‌ದೂ ಅಷ್ಟೆ. ಮುಂದಿನ ಕೈ ಹೊಟ್ಟೆಯ ಹತ್ತಿರ ಇಟ್ಟು ಭುಜದಲ್ಲೇ ಏಟು ಜಾರಿಸುವುದು ನೋಡಲು ಚೆಂದ. ಆದರೆ ಅಪ್ಪ ಬಾಕ್ಸರ್, ಚಿಕ್ಕಪ್ಪ ರೋಜರ್ ವಿಶ್ವ ಚಾಂಪಿಯನ್, ಆ ಮನೆಯಲ್ಲಿ ಬೆಳೆದವನಿಗೆ ಅದು ಬಾಲ್ಯದ ಆಟ. ನಾವು ಮಾಡಿದರೆ ಕೈ ಮಾತ್ರ ಇಳಿಯುತ್ತದೆ, ಭುಜ ಏಳುವುದಿಲ್ಲ. ಇನ್ನು ಟೈಸನ್. ನೀವು ಆರಡಿ ಎತ್ತರ, ತೆಳ್ಳಗಿನ ಮೈ ಅಂತ ಬರೆದಿದ್ದೀರಿ. ಟೈಸನ್ ಸುಮಾರು 5 ಅಡಿ 10 ಇಂಚು, ಎದುರು ಬರುತ್ತಿದ್ದವರು ಹೆಚ್ಚಾಗಿ ಅವನಿಗಿಂತ ಉದ್ದ. ಎರಡೂ ಗ್ಲೌಸ್ ಕೆನ್ನೆಗೆ ಒತ್ತಿ, ತಲೆ ಆಡಿಸುತ್ತ ಒಳನುಗ್ಗುವ ಪೀಕಬೂ ಶೈಲಿಯನ್ನು ಅವನ ಕೋಚ್ ಕಸ್ ಡಿ’ಅಮಾಟೊ ಕಲಿಸಿದ್ದು ಅಂಥ ಮೈಗೆ ಹೇಳಿ ಮಾಡಿಸಿದಂತಿತ್ತು. ನಿಮಗೆ ಉದ್ದ ಕೈ ಇದೆ. ಅದನ್ನು ಮಡಚಿಟ್ಟು ಸುಮ್ನೆ ಯಾಕೆ ಒಳಗೆ ಹೋಗ್ತೀರಿ?

ಯಾರು ಇಷ್ಟ ಅನ್ನುವುದು ಸೋಫಾ ಮೇಲಿನ ವಿಷಯ. ಇವತ್ತಿಗೂ ನನ್ನ ಫೇವರಿಟ್ ರಾಯ್‌ನೇ, ಅದರಲ್ಲಿ ಎರಡು ಮಾತಿಲ್ಲ. ಶೈಲಿ ಆಮೇಲೆ ತಾನಾಗಿ ಬರುತ್ತದೆ, ನಿಮ್ಮ ಕೈಯುದ್ದ, ದಮ್ಮು, ಹೆದರಿಕೆ ಎಲ್ಲ ಸೇರಿ. ಸದ್ಯಕ್ಕೆ ಕೋಚ್ ಹೇಳಿದ ಬೋರು ಜ್ಯಾಬ್ ಹೊಡೆಯಿರಿ.

ಯಾರನ್ನಾದರೂ ನೋಡಲೇಬೇಕು ಅಂದರೆ ಲ್ಯಾರಿ ಹೋಮ್ಸ್‌ನನ್ನು ನೋಡಿ. ಮುಹಮ್ಮದ್ ಅಲಿಯ ಸ್ಪಾರಿಂಗ್ ಜೊತೆಗಾರನಾಗಿದ್ದವನು, ಆಮೇಲೆ 1978ರಿಂದ 1985ರವರೆಗೆ ಹೆವಿವೇಟ್ ಚಾಂಪಿಯನ್, ಆದರೂ ಅವನ ಪೋಸ್ಟರ್ ಅಂಟಿಸಿಕೊಂಡವರನ್ನು ನಾನು ಕಂಡಿಲ್ಲ. 1978ರ ಜೂನ್‌ನಲ್ಲಿ ಕೆನ್ ನಾರ್ಟನ್ ಜೊತೆ ಆಡಿದ 15 ಸುತ್ತಿನ ಪಂದ್ಯ ಹುಡುಕಿ. ಮೊದಲ ಕೆಲವು ಸುತ್ತು ಬಲಗೈ ಕಡೆ ನೋಡಲೇಬೇಡಿ. ಎಡಗೈ ಎಲ್ಲಿಂದ ಹೊರಡುತ್ತದೆ, ಆಗ ಮುಂಗಾಲು ಎಲ್ಲಿದೆ, ಅದನ್ನಷ್ಟೇ ನೋಡಿ.