ನಲವತ್ತು ಕೋರ್, ನಾಲ್ಕೇ ರ‍್ಯಾಮ್

ಪ್ರಶ್ನೆ: ಎರಡು ಝಿಯಾನ್ ಗೋಲ್ಡ್ 6248 ಪ್ರೊಸೆಸರ್ ಇರುವ ಸೆಕೆಂಡ್ ಹ್ಯಾಂಡ್ ಸರ್ವರ್ ಕೊಂಡೆ. ಒಂದೊಂದಕ್ಕೆ ಎರಡರಂತೆ 32 ಜಿಬಿಯ ನಾಲ್ಕು ಡಿಡಿಆರ್4 ರ‍್ಯಾಮ್ ಇವೆ. ದೊಡ್ಡ ಗ್ರಿಡ್ ಮೇಲೆ ಶಾಖದ ಹರಿವು ಲೆಕ್ಕ ಹಾಕುವ ನನ್ನ ಓಪನ್‌ಎಂಪಿ (ಕೆಲಸವನ್ನು ಹಲವು ಕೋರ್‌ಗೆ ಹಂಚುವ ವಿಧಾನ) ಪ್ರೋಗ್ರಾಂ 10 ಕೋರ್‌ಗೂ 40 ಕೋರ್‌ಗೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ತಗೊಳ್ಳುತ್ತದೆ. ಮನೆಯ ಡೆಸ್ಕ್‌ಟಾಪಿನ ಡಿಡಿಆರ್4 ಸೇರಿಸಲೇ? ಇದರ ಬದಲು ಎಎಂಡಿಯ ಎಪಿಕ್ ಪ್ರೊಸೆಸರ್ ಇರುವುದನ್ನು ಕೊಳ್ಳಬೇಕಿತ್ತೇ?

ಉತ್ತರ: ಡೆಸ್ಕ್‌ಟಾಪಿನದು ಬೇಡ. ಅದು ಯುಡಿಮ್, ಅಂದರೆ ರಿಜಿಸ್ಟರ್ ಚಿಪ್ ಇಲ್ಲದ ರ‍್ಯಾಮ್; ಸರ್ವರ್‌ಗೆ ಬೇಕಿರುವುದು ಆರ್‌ಡಿಮ್. ಎರಡಕ್ಕೂ 288 ಪಿನ್, ಸ್ಲಾಟಿನಲ್ಲಿ ಸಲೀಸಾಗಿ ಕೂರುತ್ತದೆ, ಜನ ಮೋಸ ಹೋಗುವುದೇ ಅಲ್ಲಿ. ಯಂತ್ರ ಮಾತ್ರ ಬೂಟ್ ಆಗುವುದಿಲ್ಲ. ಆರ್‌ಡಿಮ್ ನಡುವೆ ಒಂದು ರಿಜಿಸ್ಟರ್ ಚಿಪ್ ಕೂತು ವಿಳಾಸ, ಆದೇಶಗಳ ಸಂಕೇತವನ್ನು ಹಿಡಿದು ಹಂಚುತ್ತದೆ. ಎಲ್‌ಆರ್‌ಡಿಮ್ ಎಂಬ ಇನ್ನೊಂದು ಬಗೆಯಲ್ಲಿ ಡೇಟಾಕ್ಕೂ ಬಫರ್ ಉಂಟು. ಅದನ್ನೂ ಇದರೊಡನೆ ಬೆರೆಸುವಂತಿಲ್ಲ. ಕೊಳ್ಳುವಾಗ ಸ್ಟಿಕರ್ ಓದಿ: ‘2ಆರ್×4 ಪಿಸಿ4-2933ವೈ-ಆರ್…’ ಎಂದಿರುತ್ತದೆ. ‘ವೈ’ ನಂತರದ ಗೆರೆಯಾಚೆ ‘ಆರ್’ ಇದ್ದರೆ ಸರಿ. ಎಲ್, ಯು, ಇ ಇದ್ದರೆ ಬಿಟ್ಟುಬಿಡಿ.

ಅಸಲು ತೊಂದರೆ ಚಾನೆಲ್‌ಗಳದ್ದು, ಅಂದರೆ ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವೆ ಡೇಟಾ ಓಡಾಡುವ ದಾರಿಗಳದ್ದು. ಪ್ರತಿ 6248ಕ್ಕೂ ಆರು ಚಾನೆಲ್. ಡಿಡಿಆರ್4-2933ರಲ್ಲಿ ಒಂದೊಂದರ ಗರಿಷ್ಠ ಸೆಕೆಂಡಿಗೆ ಸುಮಾರು 23.5 ಜಿಬಿ. ಆರೂ ತುಂಬಿದರೆ 140 ಜಿಬಿ, ನಿಮ್ಮಲ್ಲೀಗ 47. ಅದನ್ನು 20 ಕೋರ್ ಹಂಚಿಕೊಂಡರೆ ಒಂದಕ್ಕೆ 2.3 ಜಿಬಿ. ಗ್ರಿಡ್ ಲೆಕ್ಕದಲ್ಲಿ ಗುಣಾಕಾರಕ್ಕಿಂತ ಓದುವುದು, ಬರೆಯುವುದೇ ಹೆಚ್ಚು, ಹಾಗಾಗಿ ಕೋರ್‌ಗಳು ಕಾಯುತ್ತ ಕೂರುತ್ತವೆ. 192 ಜಿಬಿ ಸಾಕಾದರೆ ಇರುವುದನ್ನು ಮಾರಿ 16 ಜಿಬಿಯ ಹನ್ನೆರಡು ಒಂದೇ ತೆರನ ಸ್ಟಿಕ್ ಹಾಕಿ, ಚಾನೆಲ್‌ಗೆ ಒಂದರಂತೆ. ಅದೇ ಚಾನೆಲ್‌ನ ಎರಡನೇ ಸ್ಲಾಟ್ ತುಂಬಿಸಿದರೆ ಜಾಗ ಹೆಚ್ಚೀತು, ಈ ಇಕ್ಕಟ್ಟು ಬಿಡಿಸದು.

ಎಪಿಕ್ ಕೊಂಡಿದ್ದರೂ ಎರಡೇ ಸ್ಟಿಕ್ ಹಾಕಿದ್ದರೆ ಇದೇ ಪಾಡು. 2017ರ ಮೊದಲ ಎಪಿಕ್‌ನಲ್ಲಿ ನಾಲ್ಕು ಡೈ (ಸಿಲಿಕಾನ್ ತುಂಡು), ಪ್ರತಿಯೊಂದಕ್ಕೆ ಎರಡು ಚಾನೆಲ್. ಎರಡು ಸಾಕೆಟ್, ಅಂದರೆ ಎರಡು ಪ್ರೊಸೆಸರ್, ಸೇರಿ ಎಂಟು ನ್ಯೂಮಾ ನೋಡ್ (ಕೆಲವು ಕೋರ್ ಮತ್ತು ಅವುಗಳಿಗೆ ಹತ್ತಿರದ ಮೆಮೊರಿಯ ಗುಂಪು), ಪ್ರೋಗ್ರಾಮರ್‌ಗೆ ತಲೆನೋವು. 2019ರ 7002 ಸರಣಿಯಲ್ಲಿ ಎಂಟೂ ಚಾನೆಲ್‌ಗಳನ್ನು ನಡುವಿನ ಐಒ ಡೈಗೆ ತಂದರು. ಕೊಳ್ಳುವುದಾದರೆ ಅಲ್ಲಿಂದೀಚಿನದೇ ಇರಲಿ.

ರ‍್ಯಾಮ್ ಬದಲಿಸಿದ ಮೇಲೂ ಕೋಡ್ ನೋಡಬೇಕು. ಲಿನಕ್ಸ್‌ನಲ್ಲಿ ಮೆಮೊರಿಯ ಒಂದು ಪುಟವನ್ನು (ಚಿಕ್ಕ ತುಂಡನ್ನು) ಯಾವ ಕೋರ್ ಮೊದಲು ಮುಟ್ಟುತ್ತದೋ ಆ ಸಾಕೆಟ್‌ನ ಮೆಮೊರಿಯಲ್ಲೇ ಜಾಗ ಸಿಗುತ್ತದೆ. ಅರೇಗೆ ಸೊನ್ನೆ ತುಂಬುವ ಲೂಪನ್ನು ಒಂದೇ ಥ್ರೆಡ್ ಓಡಿಸಿದರೆ ಇಡೀ ಗ್ರಿಡ್ ಒಂದೇ ಸಾಕೆಟ್‌ಗೆ ಸೇರುತ್ತದೆ. ಇನ್ನೊಂದರ 20 ಕೋರ್ ಪ್ರತಿ ಸಲ ಎರಡು ಪ್ರೊಸೆಸರ್‌ಗಳನ್ನು ಬೆಸೆಯುವ ಯುಪಿಐ ಕೊಂಡಿ ದಾಟಿ ಬರಬೇಕು. ಆ ಲೂಪಿಗೂ ಲೆಕ್ಕದ ಲೂಪಿನ ಹಾಗೆಯೇ ಪ್ಯಾರಲಲ್ ಫಾರ್ ಕೊಡಿ, ಶೆಡ್ಯೂಲ್ ಸ್ಟ್ಯಾಟಿಕ್ ಇರಲಿ, ಥ್ರೆಡ್‌ಗಳನ್ನು ಕೋರ್‌ಗೆ ಕಟ್ಟಿಹಾಕಿ. ಪುಟಗಳು ಎರಡೂ ನೋಡ್‌ಗೆ ಹಂಚಿಹೋಗಿವೆಯೇ ಎಂದು ನ್ಯೂಮಾಸ್ಟ್ಯಾಟ್ ಎಂಬ ಲಿನಕ್ಸ್ ಕಮ್ಯಾಂಡ್ ತೋರಿಸುತ್ತದೆ.