ಎಲ್ಲರೂ ಮುಚ್ಚಿಟ್ಟ ಲೆಕ್ಕ: ಜಗಳೂರು ಕಡೆಯ ಒಂದು ಆಪ್ತಸಲಹೆ ಪ್ರಕರಣ

ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ಒಂದು ರೈತ ಕುಟುಂಬ. ಗುರುತು ಸಿಗಬಾರದೆಂದು ವಯಸ್ಸು, ಸಾಲದ ಮೊತ್ತ, ಮಕ್ಕಳ ಓದಿನ ವಿವರಗಳನ್ನು ಬದಲಿಸಲಾಗಿದೆ. ಗಂಡನಿಗೆ 44, ಹೆಂಡತಿಗೆ 38. ಪಿಯುಸಿ ಓದುವ ಮಗಳು, ಎಂಟನೇ ತರಗತಿಯ ಮಗ, ಗಂಡನ ತಾಯಿ. ನಾಲ್ಕು ಎಕರೆಯಲ್ಲಿ ಮೆಕ್ಕೆಜೋಳ, ನೀರಿದ್ದಷ್ಟು ದಿನ ಈರುಳ್ಳಿ.

ಮೊದಲು ಬಂದವರು ಹೆಂಡತಿ. ಎದೆ ಹಿಡಿದ ಹಾಗಾಗುತ್ತದೆ, ತಲೆ ಸಿಡಿಯುತ್ತದೆ, ಊಟ ಸೇರುವುದಿಲ್ಲ, ಗ್ಯಾಸ್ಟ್ರಿಕ್ ಇರಬೇಕು ಎಂದು ಮೂರು ಕಡೆ ತೋರಿಸಿದ್ದರು. ಇಸಿಜಿ, ಥೈರಾಯ್ಡ್, ರಕ್ತಪರೀಕ್ಷೆ ಎಲ್ಲ ಸರಿಯಾಗಿತ್ತು. "ನಿಮಗೇನೂ ಆಗಿಲ್ಲ" ಎಂದು ಕಳಿಸಿದ ಮಾತೇ ಅವರನ್ನು ಹೆಚ್ಚು ನೋಯಿಸಿತ್ತು. ಇಂಥವರಿಗೆ ಮೊದಲು ಹೇಳಬೇಕಾದದ್ದು: ನೋವು ನಿಜ, ಹೃದಯಕ್ಕೆ ಕಾಯಿಲೆಯಿಲ್ಲ ಎನ್ನುವುದೂ ನಿಜ. ತಿಂಗಳುಗಟ್ಟಲೆ ಭಯದಲ್ಲಿದ್ದಾಗ ಕತ್ತು, ಎದೆಯ ಸ್ನಾಯುಗಳು ಬಿಗಿಯಾಗಿಯೇ ಉಳಿಯುತ್ತವೆ, ಉಸಿರು ಮೇಲುಮೇಲೆ ಆಡುತ್ತದೆ, ಹೊಟ್ಟೆಯ ಕೆಲಸ ಕೆಡುತ್ತದೆ. ಇದನ್ನು ಬಿಡಿಸಿ ಹೇಳಿದ ಮೇಲೆಯೇ ಅವರು ಮನೆಯ ಮಾತು ತೆಗೆದದ್ದು.

ಖಿನ್ನತೆ ಅಳೆಯುವ ಪಿಎಚ್‌ಕ್ಯು-9 ಪ್ರಶ್ನಾವಳಿಯಲ್ಲಿ ಅವರಿಗೆ 27ಕ್ಕೆ 14 ಬಂತು. 10 ದಾಟಿದರೆ ಸುಮ್ಮನೆ ಬಿಡುವಂತಿಲ್ಲ. ಆದರೆ ಅಂದಿನ ಮುಖ್ಯ ಸಂಗತಿ ಆ ಅಂಕವಲ್ಲ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. "ಇಲ್ಲ" ಎಂದವರು ಸ್ವಲ್ಪ ತಡೆದು, "ನಂದಲ್ಲ ಮೇಡಂ, ನಮ್ಮನೆಯವ್ರದ್ದೇ ಚಿಂತೆ. ಹೊಲದ ಶೆಡ್ಡಾಗಿದ್ದ ಔಷ್ದಿ ಡಬ್ಬಿ ತಂದು ಅಟ್ಟದ ಮೇಲಿಟ್ಟಾರೆ" ಎಂದರು. ಹೊಲದಲ್ಲಿ ಬೆಳೆಯಿಲ್ಲ, ಹೊಡೆಯುವ ಕೆಲಸವಿಲ್ಲ, ಡಬ್ಬಿ ಮಾತ್ರ ಮನೆಗೆ ಬಂದಿದೆ. ಉಳಿದ ಮಾತೆಲ್ಲ ಅಲ್ಲಿಗೇ ನಿಲ್ಲಿಸಿ, ಆ ಸಂಜೆ ಏನು ಮಾಡಬೇಕೆಂಬುದನ್ನೇ ಗಟ್ಟಿ ಮಾಡಲಾಯಿತು.

ಪಕ್ಕದ ಊರಿನಲ್ಲಿರುವ ಅವರ ತಮ್ಮನಿಗೆ ಎದುರಿಗೇ ಫೋನ್ ಮಾಡಿಸಿ, ಡಬ್ಬಿಯನ್ನು ಅಂದೇ ಒಯ್ದು ತಮ್ಮನ ಮನೆಯಲ್ಲಿ ಬೀಗ ಹಾಕಿಡಲು ಒಪ್ಪಿಸಲಾಯಿತು. ಚರಂಡಿಗೆ ಸುರಿಯಬಾರದು, ಜಾಗ ಬದಲಿಸಿ ಅದೇ ಮನೆಯಲ್ಲಿ ಬಚ್ಚಿಟ್ಟರೆ ಪ್ರಯೋಜನವಿಲ್ಲ. ಸಾಯಬೇಕೆಂಬ ಒತ್ತರ ಅಲೆಯ ಹಾಗೆ ಏರಿ ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾ 1990ರ ದಶಕದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿತು. 2005ರ ಹೊತ್ತಿಗೆ ಅಲ್ಲಿನ ಆತ್ಮಹತ್ಯೆ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ಎರಡನೆಯದು, ಗಂಡನನ್ನು ನೇರವಾಗಿ ಕೇಳುವುದು: "ಸತ್ತುಹೋಗಬೇಕು ಅಂತ ಅನ್ನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ಬಂದುಬಿಡುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇದೆ. ಈ ಬಗ್ಗೆ ನಡೆದ ಅಧ್ಯಯನಗಳು ಹಾಗಾಗುವುದಿಲ್ಲ ಎಂದೇ ಹೇಳುತ್ತವೆ. ಮನೆಗಳಲ್ಲಿ ನಿಜವಾಗಿ ಆಗುವ ತಪ್ಪು ಬೇರೆ: ಮಕ್ಕಳ ತಲೆ ಮುಟ್ಟಿಸಿ ಆಣೆ ಹಾಕಿಸುವುದು. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಆಣೆ ಯೋಚನೆಯನ್ನು ನಿಲ್ಲಿಸುವುದಿಲ್ಲ, ಬಾಯನ್ನು ಮಾತ್ರ ಮುಚ್ಚಿಸುತ್ತದೆ. ಮುಂದಿನ ಸಲ ಯೋಚನೆ ಬಂದಾಗ ಹೇಳಿಕೊಳ್ಳುವುದೇ ಆಣೆ ಮುರಿದಂತಾಗುತ್ತದೆ. ಆಣೆಯ ಬದಲು ಒಂದು ಚೀಟಿ ಬರೆಸಲಾಯಿತು: ಯೋಚನೆ ಜೋರಾಗುವ ಲಕ್ಷಣ (ಊಟ ಬಿಟ್ಟು ಕೊಟ್ಟಿಗೆಯಲ್ಲಿ ಮಲಗುವುದು), ಆಗ ಹೋಗಿ ಕೂರಬಹುದಾದ ಜಾಗ, ಫೋನ್ ಮಾಡಬಹುದಾದ ಇಬ್ಬರು, 14416. ಇದು ಟೆಲಿ-ಮಾನಸ್ ಸಂಖ್ಯೆ; ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ನಾಲ್ಕನೇ ದಿನ ಗಂಡ ತನ್ನ ಭಾಮೈದನ ಜೊತೆ ಬಂದರು. ಅಂಕ 19. ಅದೇ ದಿನ ಮನೋವೈದ್ಯರ ಬಳಿ ಕಳಿಸಲಾಯಿತು. ಈ ಮಟ್ಟದಲ್ಲಿ ಮಾತೊಂದನ್ನೇ ನೆಚ್ಚಿಕೊಳ್ಳುವುದು ತಪ್ಪು. ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು ಎಂದು ಇಬ್ಬರಿಗೂ ಮೊದಲೇ ಹೇಳಿತ್ತು. ಮುಂದಿನ ತಪಾಸಣೆಗೆ ಪ್ರತಿ ಸಲ ದಾವಣಗೆರೆ ಬಸ್ ಹತ್ತಬೇಕಿಲ್ಲ: ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲೇ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಯುತ್ತದೆ. ಯಾವ ಮಂಗಳವಾರ ಎಂದು ಮುಂಚೆ ವಿಚಾರಿಸಿಕೊಂಡರೆ ಸಾಕು.

ಇನ್ನು ಮೂಲಕ್ಕೆ. ಎರಡನೇ ಮಹಾಯುದ್ಧದಿಂದ ಚದುರಿ ಮತ್ತೆ ಕೂಡಿದ ಕುಟುಂಬಗಳನ್ನು ಅಧ್ಯಯನ ಮಾಡಿದ ಅಮೆರಿಕದ ರೂಬೆನ್ ಹಿಲ್ 1949ರಲ್ಲಿ ಒಂದು ಸೂತ್ರ ಕೊಟ್ಟರು. ಬಂದೆರಗಿದ ಘಟನೆ, ಕುಟುಂಬದ ಬಳಿ ಇರುವ ಆಸರೆ, ಆ ಘಟನೆಗೆ ಮನೆಯವರು ಕೊಡುವ ಅರ್ಥ: ಇವು ಮೂರೂ ಸೇರಿ ಕುಟುಂಬ ತಡೆದುಕೊಳ್ಳುತ್ತದೋ ಕುಸಿಯುತ್ತದೋ ತೀರ್ಮಾನವಾಗುತ್ತದೆ. ಇಲ್ಲಿ ಘಟನೆ, ಬತ್ತಿದ ಬೋರು ಮತ್ತು ಅದಕ್ಕೆ ಮಾಡಿದ ಸಾಲ. ಗಂಡ ಕೊಟ್ಟ ಅರ್ಥ, "ನಾನು ಮನೆ ಮುಳುಗಿಸ್ದೆ". ಆಸರೆ ಏನಿದೆ ಎಂದು ಹುಡುಕುತ್ತ ಹೋದಾಗ ನಿಜವಾದ ತೊಡಕು ಸಿಕ್ಕಿತು.

ಗಂಡ ಕೈಸಾಲ ಒಂದು ಲಕ್ಷ ಎಂದಿದ್ದರು, ಇದ್ದದ್ದು ಒಂದೂವರೆ. ಹೆಂಡತಿ ಎರಡನೇ ಮೈಕ್ರೋಫೈನಾನ್ಸ್ ಸಾಲ ತೆಗೆದು ಮೊದಲನೆಯದರ ಕಂತು ಕಟ್ಟುತ್ತಿದ್ದುದು ಗಂಡನಿಗೆ ಗೊತ್ತಿರಲಿಲ್ಲ. ಮನೆಯ ಮೊಬೈಲ್ ಮಗಳ ಕೈಯಲ್ಲಿತ್ತು. ಬರುವ ಮೆಸೇಜೆಲ್ಲ ಓದಿ ಇಬ್ಬರ ಲೆಕ್ಕವೂ ಅವಳಿಗೆ ತಿಳಿದಿತ್ತು, ಯಾರಿಗೂ ಹೇಳಿರಲಿಲ್ಲ. ಕಾಲೇಜು ಬಿಡುವ ಯೋಚನೆಯನ್ನೂ ಒಬ್ಬಳೇ ಮಾಡಿಯಾಗಿತ್ತು. ಅಜ್ಜಿಗೆ ಏನೂ ಗೊತ್ತಾಗಬಾರದು ಎಂಬುದರಲ್ಲಿ ಮಾತ್ರ ಎಲ್ಲರೂ ಒಂದಾಗಿದ್ದರು. ಒಬ್ಬರನ್ನೊಬ್ಬರು ಕಾಯಲೆಂದೇ ಮುಚ್ಚಿಟ್ಟದ್ದು. ಹಾಗೆ ಮುಚ್ಚಿಟ್ಟಿದ್ದರಿಂದ ಐದು ಜನರ ಮನೆಯಲ್ಲಿ ಪ್ರತಿಯೊಬ್ಬರೂ ಒಂಟಿಯಾಗಿ ಹೊತ್ತರು, ಇದ್ದ ಆಸರೆ ಯಾರಿಗೂ ದಕ್ಕಲಿಲ್ಲ.

ಮೂರನೇ ಭೇಟಿಗೆ ಚಿಕ್ಕ ಮಗನನ್ನು ಬಿಟ್ಟು ಎಲ್ಲರನ್ನೂ ಕರೆಸಲಾಯಿತು. ಕಟ್ಟಳೆ ಮೂರೇ: "ಯಾಕೆ ಮಾಡಿದೆ" ಎಂದು ಕೇಳುವಂತಿಲ್ಲ, ಒಬ್ಬರು ಹೇಳುವಾಗ ಇನ್ನೊಬ್ಬರು ತಿದ್ದುವಂತಿಲ್ಲ, ಬರೆಯುವವಳು ಮಗಳಲ್ಲ. ಮಕ್ಕಳ ತಲೆಯ ಮೇಲಿಂದ ಲೆಕ್ಕದ ಹೊರೆ ಇಳಿಯಬೇಕಿತ್ತು. ಗಂಡನೇ ಬರೆದರು: ಸೊಸೈಟಿ ಬೆಳೆಸಾಲ 1 ಲಕ್ಷ, ಒಡವೆ ಸಾಲ 90 ಸಾವಿರ, ಮೈಕ್ರೋಫೈನಾನ್ಸ್ 60 ಮತ್ತು 45 ಸಾವಿರ, ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲ ಒಂದೂವರೆ ಲಕ್ಷ. ಒಟ್ಟು 4,45,000 ರೂ. ಅವರ ತಲೆಯಲ್ಲಿ ಅದು "ಏಳೆಂಟು ಲಕ್ಷ" ಆಗಿತ್ತು. ಬರೆಯದ ಸಾಲ ರಾತ್ರಿ ಬೆಳೆಯುತ್ತದೆ.

ಅಲ್ಲಿಯವರೆಗೆ ಸುಮ್ಮನಿದ್ದ ಅಜ್ಜಿ ಆಗ ಬಾಯಿ ಬಿಟ್ಟರು: "ಬೋರು ಬತ್ತಿದ್ದು ನಂಗೆ ಗೊತ್ತಿಲ್ಲ ಅನ್ಕಂಡಿಯೇನಪ್ಪಾ? ರಾತ್ರಿ ಕರೆಂಟ್ ಬಂದಾಗ ನೀನು ಬ್ಯಾಟ್ರಿ ಹಿಡ್ಕಂಡು ಹೊಲಕ್ಕೆ ಹೋಗಾದು ಬಿಟ್ಟು ಎಂಟು ತಿಂಗ್ಳಾತು." ಮಗ ಮುಖ ಮುಚ್ಚಿಕೊಂಡು ಅತ್ತರು. ಇಂಥ ಹೊತ್ತಿನಲ್ಲಿ ಸಲಹೆಗಾರರು ಸುಮ್ಮನಿರಬೇಕು. ಸಮಾಧಾನ ಹೇಳಲು ಆತುರಪಟ್ಟರೆ ಆ ಮಾತು ಅರ್ಧಕ್ಕೆ ತುಂಡಾಗುತ್ತದೆ.

ಮುಂದಿನ ಕೆಲಸಕ್ಕೆ ಮನೋವಿಜ್ಞಾನಿಗಳಾದ ಲಜಾರಸ್ ಮತ್ತು ಫೋಕ್‌ಮನ್ 1984ರಲ್ಲಿ ಮುಂದಿಟ್ಟ ವಿಂಗಡಣೆ ಉಪಯೋಗಕ್ಕೆ ಬಂತು: ಬದಲಿಸಲಾಗುವುದಕ್ಕೆ ಕೆಲಸ, ಬದಲಿಸಲಾಗದ್ದಕ್ಕೆ ಮನಸ್ಸಿನ ಆರೈಕೆ. ಅದಲುಬದಲಾದರೆ ಎರಡೂ ಕೆಡುತ್ತವೆ. ಬತ್ತಿದ ಬೋರಿಗೆ "ಇನ್ನೊಂದು ಪಾಯಿಂಟ್ ನೋಡಿಸೋಣ" ಎಂದು ಓಡಾಡುವುದು, ಕಟ್ಟಬಹುದಾದ ಬಡ್ಡಿಗೆ "ಹಣೆಬರಹ" ಎಂದು ಕೂರುವುದು, ಇವರು ಮಾಡುತ್ತಿದ್ದುದು ಅದನ್ನೇ.

ಮನೆಗೆ ತಿಂಗಳಿಗೆ ಬರುವುದು ಕೂಲಿ, ಹಾಲು, ಗೃಹಲಕ್ಷ್ಮಿ ಸೇರಿ ಸುಮಾರು 10,750. ಎರಡು ಕಂತೂ ಸೇರಿ ವಾರಕ್ಕೆ 1,400, ತಿಂಗಳಿಗೆ ಆರು ಸಾವಿರ ದಾಟುತ್ತದೆ, ಕೈಸಾಲದ ಬಡ್ಡಿ 4,500. ಉಣ್ಣಲು ಉಳಿಯುವುದೇ ಇಲ್ಲ. ವರ್ಷಕ್ಕೆ ನೂರಕ್ಕೆ 36 ಬೀಳುವ ಕೈಸಾಲವೇ ಮೊದಲು ಇಳಿಯಬೇಕು. ದಾರಿ ಭೂಮಿಯ ಒಳಗೇ ಇತ್ತು: ಬತ್ತಿದ ಬೋರಿನ ಮೋಟರ್, ಪೈಪು, ಕೇಬಲ್. ಎತ್ತಿ ಮಾರಲು ಗಂಡನಿಗೆ ಮನಸ್ಸು ಬರಲಿಲ್ಲ. ಎತ್ತಿದರೆ ನೀರಿನ ಆಸೆ ಮುಗಿದಂತೆ. ಎರಡು ಭೇಟಿ ಪೂರ್ತಿ ಆ ದುಃಖದ ಮಾತಿಗೇ ಹೋಯಿತು, ಹೋಗಬೇಕಾದದ್ದೇ. ಕೊನೆಗೆ 52 ಸಾವಿರಕ್ಕೆ ಮಾರಿ ಅಸಲಿಗೆ ಕಟ್ಟಿದರು. ಬಡ್ಡಿ 2,940ಕ್ಕೆ ಇಳಿಯಿತು. (ಮೋಟರ್ ಎತ್ತಿದ ದಿನವೇ ಬೋರಿನ ಬಾಯಿಗೆ ಮುಚ್ಚಳ ಹಾಕಿಸಿ. ಮರುದಿನಕ್ಕೆ ಬಿಡಬೇಡಿ, ಹೊಲದಲ್ಲಿ ಮಕ್ಕಳು ಓಡಾಡುತ್ತಾರೆ.)

ಕಂತು ಕೇಳಲು ಬರುವವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಕರೆ ಮಾಡುವಂತಿಲ್ಲ, ಬೈಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನವಿದೆ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ಎಂದು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದಿತು. ಆದರೆ ಗುಂಪುಸಾಲದಲ್ಲಿ ನಿಜವಾದ ಬಾಧೆ ಅಕ್ಕಪಕ್ಕದ ಹೆಂಗಸರ ಮುಖ ನೋಡುವುದು. ಅದಕ್ಕೆ ಹೇಳಿಕೊಟ್ಟ ಉಪಾಯ: ಕಂತಿನ ದಿನ ಬಾಗಿಲು ಹಾಕಿಕೊಂಡು ಕೂರದೆ, ಎರಡು ದಿನ ಮೊದಲೇ ಗುಂಪಿನ ಮುಖ್ಯಸ್ಥೆಗೆ "ಈ ವಾರ ಇಷ್ಟು ಆಗುತ್ತೆ" ಎಂದು ಮೊತ್ತ ಹೇಳುವುದು, ಕಂಪನಿಗೆ ಕಂತು ಕಡಿಮೆ ಮಾಡಿ ಅವಧಿ ಹೆಚ್ಚಿಸಲು ಬರೆದು ಕೊಡುವುದು. ಒಂದು ಕಂಪನಿ ಒಪ್ಪಿತು, ಇನ್ನೊಂದು ಒಪ್ಪಲಿಲ್ಲ.

ನಿದ್ದೆಗೆ: ಏಳುವ ಹೊತ್ತು ದಿನವೂ ಒಂದೇ. ಮಲಗಿ 20 ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಪಡಸಾಲೆಗೆ ಬಂದು ಕೂರುವುದು, ಕಣ್ಣೆಳೆದಾಗ ಮತ್ತೆ ಹೋಗುವುದು. ಎದೆ ಬಿಗಿದಾಗ ನಾಲ್ಕು ಎಣಿಸುವವರೆಗೆ ಉಸಿರು ಒಳಗೆ, ಆರು ಎಣಿಸುವವರೆಗೆ ಹೊರಗೆ, ಹತ್ತು ನಿಮಿಷ. ಚಿಂತೆಗೆ ಸಂಜೆ ಅರ್ಧ ಗಂಟೆ ಮೀಸಲು. ಬೇರೆ ಹೊತ್ತು ಬಂದ ಚಿಂತೆಯನ್ನು ಚೀಟಿಯಲ್ಲಿ ಬರೆದು ಸಂಜೆಗೆ ಇಡುವುದು.

ಎಲ್ಲ ಸರಾಗವಾಗಲಿಲ್ಲ. ಐದನೇ ವಾರ ನಿದ್ದೆ ಬರತೊಡಗಿದ್ದೇ ಗಂಡ ಮಾತ್ರೆ ಬಿಟ್ಟರು, ಹತ್ತು ದಿನದಲ್ಲಿ ಮತ್ತೆ ಕೊಟ್ಟಿಗೆ ಸೇರಿದರು. ಚೀಟಿಯಲ್ಲಿ ಬರೆದಿದ್ದ ಲಕ್ಷಣ ಅದೇ ಆದ್ದರಿಂದ ಹೆಂಡತಿ ಅಂದೇ ತಮ್ಮನಿಗೆ ಫೋನ್ ಮಾಡಿದರು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮಾತ್ರೆ ಬೇಕು, ಬಿಡುವುದನ್ನು ವೈದ್ಯರೇ ಹೇಳಬೇಕು ಎಂದು ಮತ್ತೊಮ್ಮೆ ತಿಳಿಹೇಳಲಾಯಿತು. ಸಂಜೆಯ ಅರ್ಧ ಗಂಟೆ ಗಂಡನ ವಿಚಾರಣೆಯಾಗಿ ತಿರುಗಿತ್ತು. ಸಾಲದ ಮಾತನ್ನು ಭಾನುವಾರ ಒಂದು ಗಂಟೆಗೆ, ಹಾಳೆ ಮುಂದಿಟ್ಟುಕೊಂಡು ಮಾತ್ರ ಎಂದು ಬದಲಿಸಿದ ಮೇಲೆ ಸರಿಹೋಯಿತು.

ಹನ್ನೆರಡನೇ ವಾರ ಗಂಡನ ಅಂಕ 8, ಹೆಂಡತಿಯದು 6. ಕಂತಿನ ದಿನ ಅವರಿಗೆ ಈಗಲೂ ಎದೆ ಬಿಗಿಯುತ್ತದೆ. ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ. ಮುಂಗಾರು ಬಿತ್ತನೆಯಾಗಿದೆ, ಔಷಧಿ ಹೊಡೆಯುವ ದಿನ ಭಾಮೈದ ಬೇಕಾದಷ್ಟೇ ಅಳೆದು ತರುತ್ತಾರೆ, ಹೊಡೆದು ಮುಗಿಯುವವರೆಗೆ ಜೊತೆಗಿರುತ್ತಾರೆ, ಉಳಿದದ್ದನ್ನು ವಾಪಸ್ ಒಯ್ಯುತ್ತಾರೆ.